ದೂರದ ಪ್ರಯಾಣದಲ್ಲಿ ಮಕ್ಕಳು

ಬೇಸಗೆಯ ರಜವೋ ದಸರೆಯ ರಜವೋ ಬಂದೊಡನೆ ಮನೆಮಂದಿಯೆಲ್ಲ ಕಾರಿನಲ್ಲಿ ಕುಳಿತು ದೂರದ ಊರಿಗೆ ಹೊರಡುವುದು ಈಗ ಪಟ್ಟಣದ ಸಂಸಾರಗಳಲ್ಲಿ ಸಾಮಾನ್ಯವಾಗಿದೆ. ನೆಂಟರ ಮನೆಯ ಮದುವೆಯಿರಬಹುದು, ಊರ ಜಾತ್ರೆಯಿರಬಹುದು, ಮನೆದೇವರ ದರ್ಶನವಿರಬಹುದು. ರೈಲಿನಲ್ಲಾದರೆ ಮಗು ಎದ್ದು ನಾಲ್ಕು ಹೆಜ್ಜೆ ನಡೆದೀತು. ಎದುರಿಗೆ ಕುಳಿತ ಅಪರಿಚಿತರೊಡನೆ ಮಾತಾಡೀತು. ಕಾರಿನಲ್ಲಿ ಆ ಅನುಕೂಲವಿಲ್ಲ. ಏಳೆಂಟು ಗಂಟೆಗಳ ಕಾಲ ಕುಳಿತಲ್ಲಿಯೇ ಕುಳಿತಿರಬೇಕು. ದೊಡ್ಡವರಾದ ನಮಗೇ ಸೊಂಟ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕೂರದ ಮಗುವಿಗೆ ಹೇಗಾಗಬೇಡ?

ಹೊರಟು ಒಂದು ಗಂಟೆ ಕಳೆಯುವುದರೊಳಗೆ "ಅಪ್ಪಾ, ಇನ್ನೆಷ್ಟು ದೂರ?" ಎಂಬ ಪ್ರಶ್ನೆ ಏಳುತ್ತದೆ. "ಇಗೋ, ಬಂದೇ ಬಿಟ್ಟಿತು" ಎನ್ನುತ್ತೇವೆ. ಹತ್ತು ನಿಮಿಷದ ಮೇಲೆ ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲಕ್ಕೆ ನಮಗೆ ಸಿಟ್ಟು, ಮಗುವಿಗೆ ಅಳು. ಕೊನೆಗೆ ಕೈಯಲ್ಲಿದ್ದ ಮೊಬೈಲ್ ಫೋನನ್ನು ಮಗುವಿನ ಕೈಗೆ ಕೊಟ್ಟು "ಸದ್ಯ, ಸುಮ್ಮನಾಯಿತಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆ. ಇದು ಬಹುಮಂದಿಯ ಅನುಭವ. ನನ್ನದೂ ಇದಕ್ಕೆ ಹೊರತಲ್ಲ.

ಕೆಲವು ವರ್ಷಗಳ ಹಿಂದೆ ತಂಗಿಯ ಮಗನ ಕಾರಿನಲ್ಲಿ ನಾವು ಬೆಂಗಳೂರಿನಿಂದ ಧಾರವಾಡಕ್ಕೆ ಒಂದು ಮದುವೆಗಾಗಿ ಹೊರಟೆವು. ಹಿಂದಿನ ಆಸನದಲ್ಲಿ ಅವನ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಅವರಿಬ್ಬರ ನಡುವೆ ಅವರ ತಾಯಿ. ಮುಂದೆ ಅವನ ಪಕ್ಕದಲ್ಲಿ ನಾನು. ಹಿರಿಯೂರು ದಾಟುವ ವೇಳೆಗೆ ಫೋನಿನ ಶಕ್ತಿ ಮುಗಿದು ಅದು ಕಣ್ಣುಮುಚ್ಚಿತು. ಕೂಡಲೆ ಜಗಳ ಆರಂಭವಾಯಿತು. ಹುಡುಗ ಅಕ್ಕನ ಜಡೆ ಎಳೆದ, ಅವಳು ಕಿರುಚಿಕೊಂಡಳು. ಸ್ಟಿಯರಿಂಗ್ ಹಿಡಿದಿದ್ದ ತಂದೆ ಗದರಿಸಲೆಂದು ಹಿಂದಕ್ಕೆ ತಿರುಗಿದ. ತಿರುಗಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಮುಂದಿದ್ದ ಲಾರಿ ವೇಗ ತಗ್ಗಿಸಿತ್ತು. ನಾನು ಕೂಗಿದೆ, ಅವನು ಬ್ರೇಕು ಒತ್ತಿದ. ಲಾರಿಯ ಹಿಂಬದಿಗೂ ನಮ್ಮ ಕಾರಿಗೂ ಉಳಿದದ್ದು ಒಂದು ಮಾರು ದೂರ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದಾಗ ಅವನ ಕೈ ನಡುಗುತ್ತಿತ್ತು. "ಮಾವ, ತಪ್ಪು ಯಾರದು?" ಎಂದು ಕೇಳಿದ. ಮಕ್ಕಳದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಮುಂದಿನ ಆಸನದಲ್ಲಿ ತೂಕಡಿಸುತ್ತ ಕುಳಿತಿದ್ದೆ. ಹಿಂದಿದ್ದ ಎರಡು ಮಕ್ಕಳಿಗೆ ಮಾಡಲು ಏನನ್ನೂ ಕೊಟ್ಟಿರಲಿಲ್ಲ.

ಅಂದಿನಿಂದ ನನಗೆ ಒಂದು ಮಾತು ಸ್ಪಷ್ಟವಾಯಿತು. ಪ್ರಯಾಣದಲ್ಲಿ ಮಕ್ಕಳ ಮನಸ್ಸನ್ನು ತೊಡಗಿಸುವುದು ಕೇವಲ ಮುದ್ದಿನ ವಿಷಯವಲ್ಲ. ಗಾಡಿ ನಡೆಸುವವನ ಕಣ್ಣು ರಸ್ತೆಯ ಮೇಲೆ ಇರಬೇಕಾದರೆ ಅದು ಅಗತ್ಯ. ಇನ್ನೊಂದು ಮಾತೂ ಉಂಟು. ನಾವು ಮಕ್ಕಳನ್ನು ಗಂಟುಮೂಟೆಯಂತೆ ಗಾಡಿಯೊಳಗಿಟ್ಟು ಒಯ್ಯುತ್ತೇವೆ. ಮೂಟೆಗೆ ದಾರಿಯಿಲ್ಲ, ಅದಕ್ಕೆ ಇರುವುದು ಹೊರಡುವ ಜಾಗ ಮತ್ತು ಇಳಿಸುವ ಜಾಗ ಎರಡೇ. ಮಗುವಿಗೆ ಬೇಸರ ಬರುವುದು ದಾರಿ ಉದ್ದವಾದ್ದರಿಂದಲ್ಲ, ದಾರಿ ಅದರ ಪಾಲಿಗೆ ಇಲ್ಲವೇ ಇಲ್ಲವಾದ್ದರಿಂದ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಎರಡನ್ನೂ ಬೇರೆಬೇರೆಯಾಗಿ ಹೇಳಿದರು. ಮಕ್ಕಳ ವಿಷಯದಲ್ಲಿ ಎರಡನ್ನೂ ಒಂದುಗೂಡಿಸಬಹುದು. ದಾರಿಯನ್ನೇ ಕೋಶವೆಂದು ತಿಳಿದು ಅವರ ಕೈಗೆ ಕೊಡಬೇಕು. ಇದು ಹೇಗೆಂಬುದನ್ನು, ನನಗೆ ಚೆನ್ನಾಗಿ ಪರಿಚಯವಾದ ಆ ಬೆಂಗಳೂರು-ಧಾರವಾಡದ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ನೀವು ಬೇರೆ ದಾರಿ ಹಿಡಿದರೂ ಕ್ರಮ ಇದೇ.

ಮೊದಲು ಫೋನಿನ ಮಾತನ್ನು ಮುಗಿಸಿಬಿಡೋಣ. ಓಡುವ ಗಾಡಿಯಲ್ಲಿ ತಲೆ ತಗ್ಗಿಸಿ ಫೋನನ್ನಾಗಲಿ ಪುಸ್ತಕವನ್ನಾಗಲಿ ನೋಡುವ ಮಗುವಿಗೆ ವಾಂತಿ ಬರುವುದು ಹೆಚ್ಚು. ಇದಕ್ಕೆ ಕಾರಣವುಂಟು. ದೇಹದ ಚಲನೆಯನ್ನು ಅರಿಯುವ ಒಂದು ಅಂಗ ನಮ್ಮ ಒಳಗಿವಿಯಲ್ಲಿದೆ. ಗಾಡಿ ತಿರುಗಿತು, ಕುಲುಕಿತು, ನಿಂತಿತು ಎಂದು ಅದು ಮಿದುಳಿಗೆ ತಿಳಿಸುತ್ತಿರುತ್ತದೆ. ಕಣ್ಣಾದರೋ ಅಲುಗಾಡದ ಪುಟವನ್ನು ನೋಡುತ್ತ "ಏನೂ ಚಲಿಸುತ್ತಿಲ್ಲ" ಎನ್ನುತ್ತದೆ. ಇಬ್ಬರು ಸಾಕ್ಷಿಗಳು ಎರಡು ಬಗೆ ನುಡಿದಾಗ ಮಿದುಳು ಗೊಂದಲಗೊಂಡು ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಕಿಟಕಿಯಾಚೆ ದೂರದ ಬೆಟ್ಟವನ್ನೋ ಬಾನಂಚನ್ನೋ ನೋಡಿದರೆ ಕಣ್ಣೂ ಕಿವಿಯೂ ಒಂದೇ ಸಾಕ್ಷಿ ಹೇಳುತ್ತವೆ, ತೊಳಸು ಕಡಮೆಯಾಗುತ್ತದೆ. ಎಂದರೆ, ಮನಸ್ಸಿಗೆ ಯಾವುದು ಹಿತವೋ ಹೊಟ್ಟೆಗೂ ಅದೇ ಹಿತ: ಹೊರಗೆ ನೋಡುವುದು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಇಂಥ ಪರದೆಗಳನ್ನು ತೋರಿಸದಿರುವುದೇ ಒಳ್ಳೆಯದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಫೋನು ಬೇಡವೇ ಬೇಡ ಎಂದು ನಾನು ಹಟ ಹಿಡಿಯುವವನಲ್ಲ. ಅದು ಊಟದ ಕೊನೆಯ ಬಾಳೆಹಣ್ಣಿನಂತೆ ಇರಲಿ, ಅನ್ನದಂತೆ ಆಗುವುದು ಬೇಡ.

ಇನ್ನು ಸಿದ್ಧತೆಯ ಮಾತು. ಹೊರಡುವ ಹಿಂದಿನ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಒಂದು ದಾರಿಪಟ ಬರೆಯಿರಿ. ಹಳೆಯ ಲಗ್ನಪತ್ರಿಕೆಯ ಬೆನ್ನು ಸಾಕು. ಉದ್ದಕ್ಕೆ ಒಂದು ಗೆರೆ ಎಳೆದು, ಅದರ ಮೇಲೆ ಊರುಗಳನ್ನು ಗುರುತಿಸಿ, ಪಕ್ಕದಲ್ಲಿ ದೂರವನ್ನು ಬರೆಸಿ. ಬೆಂಗಳೂರಿನಿಂದ ತುಮಕೂರಿಗೆ ಸುಮಾರು ೭೦ ಕಿಲೋಮೀಟರು, ಹಿರಿಯೂರಿಗೆ ೧೬೦, ಚಿತ್ರದುರ್ಗಕ್ಕೆ ೨೦೦, ದಾವಣಗೆರೆಗೆ ೨೬೦, ಹಾವೇರಿಗೆ ೩೩೫, ಹುಬ್ಬಳ್ಳಿಗೆ ೪೧೦, ಧಾರವಾಡಕ್ಕೆ ೪೩೦ರ ಸುಮಾರು. ಒಂದೊಂದು ಊರು ಕಳೆದಂತೆ ಮಗು ಅದನ್ನು ಪೆನ್ಸಿಲಿನಿಂದ ಅಡ್ಡಗೀಟು ಹೊಡೆಯಲಿ. "ಇನ್ನೆಷ್ಟು ದೂರ?" ಎಂಬ ಪ್ರಶ್ನೆಗೆ ಈಗ ನೀವು ಉತ್ತರ ಹೇಳಬೇಕಾಗಿಲ್ಲ, ಪಟವೇ ಹೇಳುತ್ತದೆ. ಐದು ವರ್ಷದ ಮಗುವಿಗೆ ಗಂಟೆಯ ಲೆಕ್ಕ ತಿಳಿಯದು. "ಇನ್ನು ಮೂರು ಊರು" ಎಂಬುದು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, "ಇಗೋ ಬಂತು" ಎಂಬ ಸುಳ್ಳು ತಪ್ಪುತ್ತದೆ. ಪ್ರಯಾಣದಲ್ಲಿ ಹೇಳುವ ಸಣ್ಣ ಸುಳ್ಳನ್ನು ಮಕ್ಕಳು ಮರೆಯುವುದಿಲ್ಲ.

ಪಟವಾದ ಮೇಲೆ ಕೆಲಸಗಳ ಹಂಚಿಕೆ. ದೊಡ್ಡ ಮಗು ದಾರಿಯ ಲೆಕ್ಕಿಗ: ಎಷ್ಟು ಗಂಟೆಗೆ ಯಾವ ಊರು, ಎಷ್ಟು ಸುಂಕದ ಕಟ್ಟೆ ಕಳೆಯಿತು ಎಂದು ಅದು ಬರೆಯಲಿ. ಆದರೆ ಬರೆಯುವುದು ಗಾಡಿ ನಿಂತಾಗ, ಓಡುವಾಗ ನೆನಪಿಟ್ಟುಕೊಳ್ಳುವುದು. ಚಿಕ್ಕ ಮಗು ನೀರಿನ ಅಧಿಕಾರಿ: ನಿಂತಾಗಲೆಲ್ಲ ಎಲ್ಲರಿಗೂ ನೀರು ಕೊಡುವ ಹೊಣೆ ಅದರದು. ಕೆಲಸ ಚಿಕ್ಕದಾದರೂ ಹೊಣೆ ಹೊತ್ತ ಮಗು ಮೂಟೆಯಾಗಿ ಉಳಿಯುವುದಿಲ್ಲ.

ಬೆಳಗಿನ ಜಾವ ಹೊರಡುವುದು ಉತ್ತಮ. ಮೊದಲ ಒಂದೂವರೆ ಗಂಟೆ ಮಕ್ಕಳು ನಿದ್ರೆಯಲ್ಲಿಯೇ ಇರುತ್ತಾರೆ, ರಸ್ತೆಯೂ ತೆರವಾಗಿರುತ್ತದೆ. ಬೆಳಕು ಹರಿಯುವಾಗ ದಾಬಸ್‌ಪೇಟೆಯ ಬಳಿ ಶಿವಗಂಗೆಯ ಬೆಟ್ಟ ಕಾಣುತ್ತದೆ. ನಾಲ್ಕು ದಿಕ್ಕಿನಿಂದ ನೋಡಿದರೆ ಅದು ನಂದಿ, ಗಣಪತಿ, ಲಿಂಗ, ಹೆಡೆಯೆತ್ತಿದ ಸರ್ಪ ಎಂದು ನಾಲ್ಕು ರೂಪಗಳಲ್ಲಿ ತೋರುತ್ತದೆಂದು ಜನ ಹೇಳುತ್ತಾರೆ. "ನಿನಗೆ ಯಾವುದು ಕಾಣುತ್ತದೆ?" ಎಂದು ಕೇಳಿ. ಉತ್ತರ ಯಾವುದಾದರೂ ಆಗಲಿ, ಆಗಲೇ ಕಣ್ಣು ಕಿಟಕಿಯ ಕಡೆ ತಿರುಗಿತಲ್ಲ, ಅಷ್ಟು ಸಾಕು.

ನಂತರ ಕಿಲೋಮೀಟರು ಕಲ್ಲುಗಳ ಆಟ. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ, ೩,೬೦೦ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಗಾಡಿಯ ವೇಗ ಬರುತ್ತದೆ. ೬೦ ಸೆಕೆಂಡಾದರೆ ಗಂಟೆಗೆ ೬೦ ಕಿಲೋಮೀಟರು. ೪೫ ಸೆಕೆಂಡಾದರೆ ೮೦. ಹತ್ತು ವರ್ಷದ ಮಗುವಿಗೆ ಇದನ್ನು ಒಮ್ಮೆ ತೋರಿಸಿದರೆ ಧಾರವಾಡದವರೆಗೂ ಬಿಡುವುದಿಲ್ಲ. ತಂದೆಯ ಎದುರಿನ ಮುಳ್ಳು ತೋರಿಸುವ ವೇಗಕ್ಕೂ ತನ್ನ ಲೆಕ್ಕಕ್ಕೂ ತಾಳೆ ನೋಡುತ್ತದೆ. ವೇಗ ಮಿತಿ ಮೀರಿದರೆ ಮಗುವೇ ಹೇಳುತ್ತದೆ. ಹೆಂಡತಿಯ ಮಾತನ್ನು ಕೇಳದ ಗಂಡಂದಿರೂ ಮಗಳ ಲೆಕ್ಕಕ್ಕೆ ತಲೆಬಾಗುವುದುಂಟು.

ಈ ರಸ್ತೆಯ ಸಂಖ್ಯೆ ೪೮. ಮೊದಲು ಇದು ನಾಲ್ಕನೆಯ ಹೆದ್ದಾರಿ ಎನಿಸಿಕೊಂಡಿತ್ತು. ೨೦೧೦ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟರು. ದೆಹಲಿಯಿಂದ ಹೊರಟು ಜಯಪುರ, ಅಹಮದಾಬಾದು, ಮುಂಬಯಿ, ಪುಣೆ, ಬೆಳಗಾವಿಗಳ ಮೇಲೆ ಹಾದು ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ ಹೋಗುವ ರಸ್ತೆಯಿದು. ಹೊಸ ಕ್ರಮದಲ್ಲಿ ಉತ್ತರ-ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ-ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆ. ಇಷ್ಟು ಹೇಳಿಕೊಟ್ಟರೆ ಎದುರಾಗುವ ಫಲಕಗಳನ್ನು ನೋಡಿ ಯಾವ ರಸ್ತೆ ಯಾವ ದಿಕ್ಕಿನದೆಂದು ಮಗು ತಾನೇ ಊಹಿಸೀತು.

ವಾಹನಗಳ ಸಂಖ್ಯಾಫಲಕವೂ ಒಂದು ಭೂಗೋಳದ ಪುಸ್ತಕವೇ. ನಮ್ಮ ರಾಜ್ಯದ 'ಕೆಎ' ಅಕ್ಷರಗಳ ಮುಂದೆ ೦೬ ಇದ್ದರೆ ತುಮಕೂರು, ೧೬ ಚಿತ್ರದುರ್ಗ, ೧೭ ದಾವಣಗೆರೆ, ೨೭ ಹಾವೇರಿ, ೨೫ ಧಾರವಾಡ. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಬಂದಂತೆ ಸ್ಕೂಟರು ಟ್ರ್ಯಾಕ್ಟರುಗಳ ಸಂಖ್ಯೆ ಬದಲಾಗುವುದನ್ನು ಮಕ್ಕಳು ಕಂಡುಹಿಡಿಯಲಿ. ಹೊರರಾಜ್ಯದ ಲಾರಿಗಳನ್ನು ಎಣಿಸುವುದು ಇನ್ನೊಂದು ಆಟ. ಅಕ್ಕನಿಗೆ ಮಹಾರಾಷ್ಟ್ರ, ತಮ್ಮನಿಗೆ ತಮಿಳುನಾಡು ಎಂದು ಹಂಚಿಕೊಟ್ಟು, ತುಮಕೂರಿನಿಂದ ಶಿರಾವರೆಗೆ ಯಾರ ಪಾಲಿನ ಲಾರಿಗಳು ಹೆಚ್ಚೆಂದು ನೋಡಬಹುದು.

ಭಾಷೆಯ ಮೇಷ್ಟರಾದ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಊರ ಹೆಸರುಗಳ ಆಟ. ಫಲಕಗಳ ಮೇಲಿನ ಹೆಸರುಗಳ ಬಾಲವನ್ನು ಹಿಡಿಯಬೇಕು. ಬೆಂಗಳೂರು, ತುಮಕೂರು, ಹಿರಿಯೂರು, ರಾಣೇಬೆನ್ನೂರು ಇವುಗಳ ಬಾಲ 'ಊರು'. ಹಿರಿಯ ಎಂಬುದಕ್ಕೆ ಊರು ಸೇರಿ ಹಿರಿಯೂರಾಯಿತು. ಸೇರುವಾಗ ಹಿಂದಿನ ಪದದ ಕೊನೆಯ ಅಕಾರ ಬಿಟ್ಟುಹೋಯಿತು. ಇದೇ ಲೋಪಸಂಧಿ. ದಾವಣಗೆರೆಯ ಬಾಲದಲ್ಲಿರುವುದು 'ಕೆರೆ'. ಸಮಾಸದಲ್ಲಿ ಕಕಾರ ಗಕಾರವಾಯಿತು. ಇದೇ ಆದೇಶಸಂಧಿ. ತುಮಕೂರಿನ ಹೊಸ್ತಿಲಲ್ಲಿರುವ ಕ್ಯಾತ್ಸಂದ್ರದ 'ಸಂದ್ರ' ಎಂದರೆ ಸಮುದ್ರ. ಕಡಲಿಲ್ಲದ ಕಡೆ ಸಮುದ್ರವೆಲ್ಲಿಂದ ಬಂತು? ದೊಡ್ಡ ಕೆರೆಯನ್ನು ನಮ್ಮ ಪೂರ್ವಿಕರು ಸಮುದ್ರವೆಂದು ಕರೆದರು. ಚಿತ್ರದುರ್ಗದ 'ದುರ್ಗ' ಎಂದರೆ ಸುಲಭವಾಗಿ ಹೋಗಲಾಗದ ಎಡೆ, ಕೋಟೆ. ಹರಿಹರ ದಾಟಿ ಮುಂದೆ ಹೋದಂತೆ ಹೊಸ ಬಾಲಗಳು ಕಾಣಿಸುತ್ತವೆ: ಶಿಗ್ಗಾಂವಿಯ 'ಗಾಂವಿ' ಗ್ರಾಮವೇ. ತರಗತಿಯಲ್ಲಿ ಸಂಧಿ ಎಂದೊಡನೆ ಮುಖ ಸಪ್ಪೆ ಮಾಡುವ ಮಕ್ಕಳೇ ಕಾರಿನ ಕಿಟಕಿಯಲ್ಲಿ ಸಂಧಿ ಬಿಡಿಸುವುದನ್ನು ನಾನು ಕಂಡಿದ್ದೇನೆ.

ಫಲಕಗಳು ಕಾಣದ ಬಯಲಿನಲ್ಲಿ ಪದಗಳ ಅಂತ್ಯಾಕ್ಷರಿ ಆಡಬಹುದು. ಒಬ್ಬರು ಹೇಳಿದ ಪದದ ಕೊನೆಯ ಅಕ್ಷರದಿಂದ ಮುಂದಿನವರು ಪದ ಹೇಳಬೇಕು. ಕನ್ನಡದಲ್ಲಿ ಇದಕ್ಕೆ ಒಂದು ನಿಯಮ ಮೊದಲೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಣಕಾರದಿಂದಲೂ ಳಕಾರದಿಂದಲೂ ಪದ ಆರಂಭವಾಗುವುದಿಲ್ಲ. ಆದ್ದರಿಂದ 'ಹಣ' ಎಂದರೆ ನಕಾರದಿಂದ, 'ಮಳೆ' ಎಂದರೆ ಲಕಾರದಿಂದ ಮುಂದುವರಿಯಬಹುದೆಂದು ಒಪ್ಪಂದವಿರಲಿ. ಇಲ್ಲದಿದ್ದರೆ ಜಾಣ ಹುಡುಗಿಯೊಬ್ಬಳು ತಮ್ಮನಿಗೆ ಬರಿಯ ಹಣ, ಗುಣ, ಕಣಗಳನ್ನೇ ಕೊಟ್ಟು ಅಳಿಸಿಬಿಡುತ್ತಾಳೆ. ಚಿಕ್ಕವರಿಗೆ ಸೋಲು ದೊಡ್ಡ ದುಃಖ. ಗಾಡಿಯೊಳಗಿನ ಆಟಗಳಲ್ಲಿ ಸೋಲು ಗೆಲುವುಗಳಿಗಿಂತ ಎಲ್ಲರೂ ಸೇರಿ ಎಷ್ಟು ಪದ ಪೋಣಿಸಿದೆವೆಂಬ ಲೆಕ್ಕವೇ ಮೇಲು.

ಒಗಟುಗಳನ್ನು ಕೇಳುವುದರ ಜೊತೆಗೆ ಕಟ್ಟುವುದನ್ನೂ ಕಲಿಸಿ. ಕಂಡ ವಸ್ತುವಿನ ಹೆಸರು ಹೇಳದೆ ಅದರ ಗುಣ ಹೇಳಿದರೆ ಒಗಟಾಯಿತು. ಚಿತ್ರದುರ್ಗದ ಸುತ್ತ ಬೆಟ್ಟಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ಕಂಡು ನಾವು ಕಟ್ಟಿದ್ದು ಹೀಗೆ: ಒಂಟಿ ಕಾಲು, ಮೂರು ಕೈ, ಹಗಲಿರುಳೂ ಬೀಸುತ್ತಾನೆ, ಹಿಡಿ ಹಿಟ್ಟಿಲ್ಲ. ಕಿಲೋಮೀಟರು ಕಲ್ಲಿಗೆ ಆ ಐದು ವರ್ಷದ ಹುಡುಗ ಕಟ್ಟಿದ್ದು: ಎಲ್ಲರಿಗೂ ದಾರಿ ಹೇಳ್ತಾನೆ, ತಾನು ಮಾತ್ರ ಹೋಗೋದಿಲ್ಲ. ನಾನು ಅಷ್ಟು ಚೆನ್ನಾಗಿ ಕಟ್ಟಲಾರೆ.

ಕಥೆಗೆ ಬಂದರೆ, ಒಂದು ಕಿವಿಮಾತು: ಕಥೆ ನಡೆದ ಜಾಗ ಕಾಣುವುದಕ್ಕೆ ಸ್ವಲ್ಪ ಮೊದಲು ಕಥೆ ಮುಗಿಯುವಂತಿರಲಿ. ಹಿರಿಯೂರು ಸಮೀಪಿಸುವಾಗ ವಾಣೀವಿಲಾಸ ಸಾಗರದ ಮಾತು ತೆಗೆಯಬಹುದು. ಮಾರೀಕಣಿವೆ ಎಂದು ಜನ ಕರೆಯುವ ಆ ಕಟ್ಟೆಯನ್ನು ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ್ದು ೧೯೦೭ರಲ್ಲಿ. ಅದು ೧೯೩೩ರಲ್ಲಿ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು ೨೦೨೨ರಲ್ಲಿ. ನಡುವೆ ಎಷ್ಟು ವರ್ಷ? ೮೯. "ಮೊದಲ ಸಲ ಹರಿದಾಗ ನಿನ್ನಷ್ಟಿದ್ದ ಹುಡುಗ ಎರಡನೆಯ ಸಲ ಹರಿದಾಗ ಎಷ್ಟು ವರ್ಷದವನಾಗಿದ್ದ?" ಎಂದು ಕೇಳಿ ನೋಡಿ. ಲೆಕ್ಕವೂ ಆಯಿತು, ಬರಗಾಲವೆಂದರೇನು ಎಂಬುದೂ ಮನಸ್ಸಿಗೆ ಬಂತು. ಚಿತ್ರದುರ್ಗದ ಬಂಡೆಗಳು ಕಾಣುವ ಮೊದಲು ಒನಕೆ ಓಬವ್ವನ ಕಥೆ ಹೇಳಿ. ಗಂಡ ಊಟಕ್ಕೆ ಕುಳಿತಿದ್ದಾಗ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಹೊಡೆದ ಹೆಂಗಸು ಓಡಾಡಿದ ಬೆಟ್ಟ ಇದೇ ಎಂದು ತೋರಿಸಿದಾಗ ಮಗು ಕಿಟಕಿಗೆ ಮೂಗು ಒತ್ತಿ ನೋಡುತ್ತದೆ.

ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತೇವೆ. ತುಂಗೆಯೂ ಭದ್ರೆಯೂ ಶಿವಮೊಗ್ಗ ಸೀಮೆಯ ಕೂಡಲಿಯಲ್ಲಿ ಸೇರಿ ಒಂದಾದ ನದಿ. ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿರುವ, ಹದಿಮೂರನೆಯ ಶತಮಾನದ ಗುಡಿಯಿರುವ ಊರು. ಆ ಸೇತುವೆಯ ಮೇಲೆ ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಮಾತುಂಟು. ೧೯೫೬ರ ನವೆಂಬರ್ ೧ರವರೆಗೆ ಇಲ್ಲಿ ಹೊಳೆಯ ಈಚೆಯ ದಡ ಮೈಸೂರು ರಾಜ್ಯ, ಆಚೆಯ ದಡ ಮುಂಬಯಿ ರಾಜ್ಯ. ಎರಡು ದಡದಲ್ಲೂ ಮಾತು ಕನ್ನಡವೇ. ಅಂದು ಏಕೀಕರಣವಾಗಿ ಎರಡು ದಡಗಳೂ ಒಂದಾದವು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಕಾಣುವ ಸಂಗತಿ ಸೇತುವೆಯ ಮೇಲೆ ಹೋಗುವಾಗ ನೀರಿನಂತೆ ಕಣ್ಣಿಗೆ ಕಾಣುತ್ತದೆ.

ಮಣ್ಣಿನ ಬಣ್ಣವನ್ನೂ ಗಮನಿಸಲು ಹೇಳಿ. ತುಮಕೂರಿನ ತೆಂಗು, ಅಡಕೆಯ ತೋಟಗಳು ಹಿಂದಾಗಿ, ಶಿರಾ ಹಿರಿಯೂರುಗಳ ಒಣನೆಲ ಬರುತ್ತದೆ. ದಾವಣಗೆರೆಯ ಸುತ್ತ ಭದ್ರಾ ನಾಲೆಯ ನೀರಿಗೆ ಬತ್ತದ ಗದ್ದೆ ಹಸಿರಾಗುತ್ತದೆ. ಹಾವೇರಿಯ ಸೀಮೆಯಲ್ಲಿ ಕೆಂಪು ಮಣ್ಣಿಗೆ ಬದಲಾಗಿ ಕಪ್ಪು ಎರೆಮಣ್ಣು ಕಾಣಿಸಿಕೊಳ್ಳುತ್ತದೆ. ಮಣ್ಣು ಬದಲಾದಂತೆ ತಟ್ಟೆಯೂ ಬದಲಾಗುತ್ತದೆ: ರಾಗಿಮುದ್ದೆ ಹಿಂದೆ ಸರಿದು ಜೋಳದ ರೊಟ್ಟಿ ಬರುತ್ತದೆ. ಮಾತೂ ಬದಲಾಗುತ್ತದೆ. ತುಮಕೂರಿನಲ್ಲಿ "ಬನ್ನಿ, ಕೂತ್ಕೊಳ್ಳಿ" ಎಂದವರು ಹುಬ್ಬಳ್ಳಿಯಲ್ಲಿ "ಬರ್ರಿ, ಕುಂದರ್ರಿ" ಎನ್ನುತ್ತಾರೆ. ನಮ್ಮ ಮಕ್ಕಳು ಅಂದು ಹಿಡಿದದ್ದು ಇನ್ನೂ ಸ್ವಾರಸ್ಯ. ತುಮಕೂರಿನ ಅಂಗಡಿಯಲ್ಲಿ ಕಡಲೆಪುರಿ ಎಂದು ಕೊಂಡದ್ದನ್ನೇ ದಾವಣಗೆರೆಯಲ್ಲಿ ಮಂಡಕ್ಕಿ ಎಂದರು. ಧಾರವಾಡದಲ್ಲಿ ಚುರುಮುರಿ ಎಂದರು. "ತಾತ, ಒಂದೇ ಪುರಿಗೆ ಮೂರು ಹೆಸರು!" ಎಂದು ಹುಡುಗಿ ಕೂಗಿದಳು. ಭಾಷಾಶಾಸ್ತ್ರದ ಮೊದಲ ಪಾಠವನ್ನು ಅವಳು ಪುರಿಯ ಪೊಟ್ಟಣದಿಂದ ಕಲಿತಳು.

ಆಕಾಶವಾಣಿಯ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ರೇಡಿಯೋವನ್ನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ಕಾರಿನಲ್ಲಿ ಅದರಷ್ಟು ಹೊಂದುವ ಸಂಗಾತಿ ಮತ್ತೊಂದಿಲ್ಲ. ಅದು ಕಿವಿಯನ್ನು ಮಾತ್ರ ಕೇಳುತ್ತದೆ. ಕಣ್ಣನ್ನು ಕಿಟಕಿಗೆ ಬಿಟ್ಟುಕೊಡುತ್ತದೆ. ಎಫ್.ಎಂ. ಅಲೆಗಳು ಬಹುದೂರ ಹೋಗುವುದಿಲ್ಲವಾದ್ದರಿಂದ ಬೆಂಗಳೂರಿನ ನಿಲಯ ದಾರಿಯಲ್ಲಿ ಕ್ರಮೇಣ ಮಸುಕಾಗುತ್ತದೆ. ಮುಂದೆ ಚಿತ್ರದುರ್ಗದ ನಿಲಯ ಸಿಗುತ್ತದೆ. ಒಂದು ದನಿ ಯಾವ ಕಲ್ಲಿನ ಬಳಿ ಮರೆಯಾಯಿತು, ಇನ್ನೊಂದು ಎಲ್ಲಿ ಹುಟ್ಟಿತು ಎಂದು ಗುರುತಿಸುವುದು ಮಕ್ಕಳಿಗೆ ಒಳ್ಳೆಯ ಆಟ. ೧೯೫೦ರಲ್ಲಿ ಆರಂಭವಾದ ನಿಲಯವಿರುವ ಧಾರವಾಡವನ್ನು ತಲಪುವ ವೇಳೆಗೆ ಅವರು ಅಲೆಗಳ ನಕ್ಷೆಯನ್ನೇ ಬರೆದಿರುತ್ತಾರೆ.

ಇಷ್ಟೆಲ್ಲ ಆಟಗಳನ್ನು ಹೇಳಿದೆನೆಂದು ಎಡೆಬಿಡದೆ ಆಡಿಸುತ್ತಲೇ ಇರಬೇಕೆಂದಲ್ಲ. ಒಂದು ಆಟಕ್ಕೆ ಇಪ್ಪತ್ತು ನಿಮಿಷ ಸಾಕು. ರುಚಿ ಇರುವಾಗಲೇ ನಿಲ್ಲಿಸಬೇಕು. ನಡುವೆ ಅರ್ಧ ಗಂಟೆ ಯಾರೂ ಏನನ್ನೂ ಹೇಳದೆ ಇರಲಿ. ಮಗು ಸುಮ್ಮನೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದರೆ ಅದಕ್ಕೆ ಬೇಸರವಾಗಿದೆಯೆಂದು ತಿಳಿದು ಅಲುಗಾಡಿಸಬೇಡಿ. ಅದರ ಮನಸ್ಸು ಎಲ್ಲಿಯೋ ಕೆಲಸ ಮಾಡುತ್ತಿರುತ್ತದೆ. ಹದಿಮೂರು ಹದಿನಾಲ್ಕು ದಾಟಿದ ಮಕ್ಕಳಿಗಂತೂ ಈ ಬಿಡುವೇ ದೊಡ್ಡ ಉಪಚಾರ. ಎರಡು ಮೂರು ವರ್ಷದ ಕೂಸುಗಳಿಗೆ ಆಟಕ್ಕಿಂತ ನಿದ್ರೆ, ತಾಯಿಯ ದನಿ, ಆಗಾಗ ಇಳಿದು ನಡೆಯುವುದು ಇಷ್ಟೇ ಬೇಕಾದದ್ದು.

ನಿಲ್ಲಿಸುವ ವಿಷಯದಲ್ಲಿ ಜಿಪುಣತನ ಬೇಡ. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿ. ಹೆದ್ದಾರಿಯ ಅಂಚಿನಲ್ಲಲ್ಲ, ಆವರಣವಿರುವ ಎಡೆಯಲ್ಲಿ. ಮಕ್ಕಳು ಓಡಲಿ, ಕುಣಿಯಲಿ. ಈ ಹದಿನೈದು ನಿಮಿಷ ಮುಂದಿನ ಎರಡು ಗಂಟೆಗಳ ಶಾಂತಿಯನ್ನು ಕೊಡುತ್ತದೆ. ಗಾಡಿ ನಡೆಸುವವನಿಗೂ ವಿಶ್ರಾಂತಿ. ಹೊಟ್ಟೆ ಬರಿದೂ ಇರಬಾರದು, ಭಾರವೂ ಆಗಬಾರದು. ಇಡ್ಲಿ, ಅವಲಕ್ಕಿ, ಪುರಿ, ಬಾಳೆಹಣ್ಣು ಹಿತ. ಎಣ್ಣೆಯಲ್ಲಿ ಕರಿದದ್ದನ್ನು ಊರು ಸೇರಿದ ಮೇಲೆ ತಿನ್ನಬಹುದು. ದಾವಣಗೆರೆಯ ಬೆಣ್ಣೆದೋಸೆಯ ಮುಂದೆ ಈ ಉಪದೇಶ ನಿಲ್ಲುವುದಿಲ್ಲವೆಂದು ಬಲ್ಲೆ. ಒಬ್ಬರಿಗೆ ಒಂದರಲ್ಲಿ ಮುಗಿಸಿದರೆ ಸಾಕು. ಓಡುವ ಗಾಡಿಯಲ್ಲಿ ಸಣ್ಣ ಮಕ್ಕಳಿಗೆ ಕಡಲೆಕಾಯಿ ಬೀಜ, ಗುಂಡು ಪೆಪ್ಪರಮಿಂಟು, ಕಡ್ಡಿಗೆ ಚುಚ್ಚಿದ ಮಿಠಾಯಿ ಕೊಡಲೇಬಾರದು. ಒಂದು ಕುಲುಕಿಗೆ ಅದು ಗಂಟಲಿಗೆ ಇಳಿದೀತು.

ಕೊನೆಯದಾಗಿ, ಆಟ ಎಷ್ಟೇ ರಂಗೇರಲಿ, ಬೆಲ್ಟು ಬಿಚ್ಚಬಾರದು. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಹದಿನಾಲ್ಕು ವರ್ಷ ತುಂಬದ ಮಗುವನ್ನು ಬೆಲ್ಟು ಇಲ್ಲವೆ ಮಕ್ಕಳಿಗಾಗಿ ಮಾಡಿದ ಆಸನದಿಂದ ಭದ್ರಪಡಿಸದೆ ಗಾಡಿ ನಡೆಸಿದರೆ ೧,೦೦೦ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ. ಅಂದು ಹಿರಿಯೂರಿನಾಚೆ ಬ್ರೇಕು ಒತ್ತಿದಾಗ ಮಕ್ಕಳಿಬ್ಬರೂ ಮುಂದಕ್ಕೆ ಹಾರಿ ಬೀಳದೆ ಉಳಿದದ್ದು ಅವರ ತಾಯಿ ಹಟ ಹಿಡಿದು ಹಾಕಿಸಿದ್ದ ಬೆಲ್ಟಿನಿಂದ. ಮಡಿಲಲ್ಲಿ ಕೂರಿಸಿಕೊಂಡರೆ ಭದ್ರವೆಂಬುದು ನಮ್ಮ ಪ್ರೀತಿಯ ಭ್ರಮೆ. ಆ ವೇಗದಲ್ಲಿ ಯಾರ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು.

ಅಂದು ಅರ್ಧ ದಾರಿಯಲ್ಲಿ ನಡೆದದ್ದನ್ನು ಹೇಳಿದೆ. ಉಳಿದರ್ಧವನ್ನು ಹೇಳಿ ಮುಗಿಸುತ್ತೇನೆ. ಗಾಡಿಯನ್ನು ಮತ್ತೆ ಹೊರಡಿಸುವ ಮೊದಲು ನಾನು ಹಿಂದಿನ ಆಸನಕ್ಕೆ ಹೋದೆ. ತಾಯಿ ಮುಂದೆ ಬಂದಳು. ಜೇಬಿನಲ್ಲಿದ್ದ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಗೆರೆ ಎಳೆದು ಊರುಗಳನ್ನು ಬರೆದು ಹುಡುಗನ ಕೈಗೆ ಕೊಟ್ಟೆ. ಚಿತ್ರದುರ್ಗವನ್ನು ಅವನೇ ಅಡ್ಡಗೀಟು ಹೊಡೆದ. ಧಾರವಾಡದಲ್ಲಿ ಇಳಿದಾಗ ಬಾಗಿಲಿಗೆ ಬಂದ ಅಜ್ಜಿ "ಪ್ರಯಾಣ ತ್ರಾಸಾತೇನೋ ತಮ್ಮಾ?" ಎಂದು ಕೇಳಿದರು. ಹುಡುಗ ಮುದುರಿಹೋದ ಆ ಪತ್ರಿಕೆಯನ್ನು ಬಿಡಿಸಿ, ಒಂದೊಂದು ಊರಿನ ಮೇಲೆ ಬೆರಳಿಟ್ಟು, ಎಲ್ಲಿ ಏನು ಕಂಡೆನೆಂದು ಹೇಳತೊಡಗಿದ. ಅವನ ಬೆರಳು ಚಿತ್ರದುರ್ಗದಿಂದ ಆರಂಭವಾಯಿತು. ಹಿರಿಯೂರಿನವರೆಗಿನ ೧೬೦ ಕಿಲೋಮೀಟರುಗಳ ಬಗ್ಗೆ ಅವನ ಬಳಿ ಹೇಳಲು ಒಂದು ಮಾತೂ ಇರಲಿಲ್ಲ. ಆ ದೂರವೆಲ್ಲ ಫೋನಿನಲ್ಲಿ ಕಳೆದುಹೋಗಿತ್ತು.

ಮುಂದಿನ ರಜೆಯಲ್ಲಿ ನೀವು ಹೊರಡುವಾಗ ಮನೆಯ ಬಾಗಿಲಿನಿಂದಲೇ ಆ ಬೆರಳು ಆರಂಭವಾಗುವಂತೆ ನೋಡಿಕೊಳ್ಳಿ. ನಿಮ್ಮ ಪ್ರಯಾಣ ಸುಖಕರವಾಗಲಿ.